ರಾತ್ರಿ ಬಿಎಂಸಿ ನಿಂತರೆ ಮೊದಲು ಯಾರಿಗೆ ತಿಳಿಯಬೇಕು?

ಸಂಜೆಯ ಹಾಲು ಸಂಗ್ರಹಣೆ ಮುಗಿದು, ಕ್ಯಾನ್ ತೊಳೆದಿಟ್ಟು, ಸಂಘದ ಬಾಗಿಲಿಗೆ ಬೀಗ ಹಾಕಿದ ಮೇಲೆ ಬೆಳಗಿನ ತನಕ ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ನಿಮ್ಮೆಲ್ಲರ ಹಟ್ಟಿಯಿಂದ ಬಂದ ಹಾಲನ್ನು ಕಾಯುವುದು ಸಾಂದ್ರ ಶೀತಲೀಕರಣ ಘಟಕ, ಅಂದರೆ ನಾವು ಬಿಎಂಸಿ ಎಂದು ಕರೆಯುವ ಯಂತ್ರ ಒಂದೇ. ಕರೆಂಟ್ ಹೋಗಿ ಅದು ನಿಂತರೆ, ಅಥವಾ ಕರೆಂಟ್ ಇದ್ದೂ ಕಂಪ್ರೆಸರ್ ಕೆಟ್ಟರೆ, ಬೆಳಿಗ್ಗೆ ಬೀಗ ತೆಗೆಯುವವರಿಗೇ ಮೊದಲು ಗೊತ್ತಾಗುವುದು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಈ ತೊಂದರೆಗೆ ಈಗ ಪರಿಹಾರವಿದೆ. ಸಿಮ್ ಕಾರ್ಡ್ ಹಾಕಿದ ಒಂದು ಸಣ್ಣ ಪೆಟ್ಟಿಗೆ ಬಿಎಂಸಿಯ ಉಷ್ಣಾಂಶ, ಕರೆಂಟಿನ ಮೂರು ಫೇಸ್, ಕಂಪ್ರೆಸರ್, ಜನರೇಟರ್ ಇವುಗಳನ್ನು ಗಮನಿಸುತ್ತಾ ಇದ್ದು, ಏನಾದರೂ ತಪ್ಪಿದರೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಕೂರಿಸುವುದು ತಂತ್ರಜ್ಞರಿಗೆ ದೊಡ್ಡ ಕೆಲಸವಲ್ಲ. ಅದನ್ನು ಸರಿಯಾಗಿ ಹೊಂದಿಸಿಕೊಳ್ಳುವುದು ಮಾತ್ರ ಸಂಘದವರಾದ ನಮ್ಮ ಕೆಲಸ, ಅದನ್ನು ಕಂಪನಿಯವರು ಬಂದು ಮಾಡಿಕೊಡಲಾರರು.

ಮೊದಲು ಹಾಲಿನ ಲೆಕ್ಕ ನೋಡೋಣ. ಕೆಚ್ಚಲಿನಿಂದ ಬರುವಾಗ ಹಾಲು ಸುಮಾರು 37 ಡಿಗ್ರಿ ಬಿಸಿ ಇರುತ್ತದೆ. ಹೊಸ ಹಾಲಿಗೆ ಎರಡು ಮೂರು ಗಂಟೆ ತನ್ನದೇ ತಡೆಶಕ್ತಿ ಇರುತ್ತದೆ. ಆ ಶಕ್ತಿ ಮುಗಿದ ಮೇಲೆ, ಹಾಲು ಬೆಚ್ಚಗೇ ಉಳಿದಿದ್ದರೆ, ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ ಎಂದು ಹಿಡಿಯಿರಿ. ಆರು ಗಂಟೆಯಲ್ಲಿ ಹನ್ನೆರಡು ಸಲ ದುಪ್ಪಟ್ಟು, ಅಂದರೆ ಒಂದು ಇದ್ದದ್ದು ನಾಲ್ಕು ಸಾವಿರಕ್ಕಿಂತ ಹೆಚ್ಚು. 4 ಡಿಗ್ರಿಗೆ ತಣಿಸಿದರೆ ಈ ಬೆಳವಣಿಗೆ ಬಹಳ ಮಟ್ಟಿಗೆ ನಿಧಾನವಾಗುತ್ತದೆ. 2000 ಲೀಟರಿನ ಒಂದು ಟ್ಯಾಂಕ್ ಹುಳಿಯಾಯಿತು ಎಂದುಕೊಳ್ಳಿ. ಲೀಟರಿಗೆ 35 ರೂಪಾಯಿ ಎಂದು ಲೆಕ್ಕ ಹಾಕಿದರೂ 70,000 ರೂಪಾಯಿ ಒಂದೇ ರಾತ್ರಿಗೆ ಹೋಯಿತು.

4 ಡಿಗ್ರಿಗೆ ಪೂರ್ತಿ ತಣಿದ ಹಾಲು ಕರೆಂಟ್ ಹೋದರೂ ಕೂಡಲೇ ಬಿಸಿಯಾಗುವುದಿಲ್ಲ. ಟ್ಯಾಂಕಿನ ಗೋಡೆಯೊಳಗೆ ದಪ್ಪ ಫೋಮ್ ಇರುವುದರಿಂದ ತಂಪು ಕೆಲವು ಗಂಟೆ ನಿಲ್ಲುತ್ತದೆ. ಅಪಾಯ ಹೆಚ್ಚು ಇರುವುದು ಅರ್ಧ ತಣಿದ ಹಾಲಿಗೆ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ನಮ್ಮ ಕಡೆ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಗೆ. ಹಾಲು ಸುರಿಯುವ ಹೊತ್ತೂ ಅದೇ. ಬಂಟ್ವಾಳವಾಗಲಿ ಮೂಡುಬಿದಿರೆಯಾಗಲಿ, ಮರ ಬಿದ್ದು ತಂತಿ ತುಂಡಾದರೆ ಮೆಸ್ಕಾಂನವರು ಬಂದು ಸರಿ ಮಾಡಲು ಎಷ್ಟು ಹೊತ್ತಾಗುತ್ತದೆಂದು ಹೇಳಲಾಗದು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು. ಅಂಥ ಮಳೆಯಲ್ಲಿ ಟ್ಯಾಂಕರ್ ಕೂಡ ಸಮಯಕ್ಕೆ ಬರುತ್ತದೆಂಬ ಖಾತ್ರಿ ಇಲ್ಲ.

ಎಚ್ಚರಿಕೆಯ ಪೆಟ್ಟಿಗೆ ತೆಗೆದುಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಕರೆಂಟ್ ಹೋದರೆ ಇದು ಬದುಕಿರುತ್ತದೆಯೇ? ಬಿಎಂಸಿಯ ಪ್ಯಾನೆಲ್‌ನಿಂದಲೇ ಕರೆಂಟ್ ತೆಗೆದುಕೊಂಡು, ಒಳಗೆ ಬ್ಯಾಟರಿ ಇಲ್ಲದಿದ್ದರೆ, ಬಿಎಂಸಿ ನಿಲ್ಲುವ ಕ್ಷಣದಲ್ಲೇ ಪೆಟ್ಟಿಗೆಯೂ ನಿಲ್ಲುತ್ತದೆ. ಕಾವಲುಗಾರನೇ ಮಲಗಿದ ಹಾಗೆ.

ಇಲ್ಲೊಂದು ತಮಾಷೆಯ ವಿಷಯ ಹೇಳಬೇಕು. ಕಂಪ್ಯೂಟರಿನವರಿಗೂ ಒಂದು ಬಿಎಂಸಿ ಇದೆ. ಬ್ಯಾಂಕು, ರೈಲ್ವೆ ಮುಂತಾದ ಕಡೆ ಹಗಲಿರುಳು ನಡೆಯುವ ದೊಡ್ಡ ಕಂಪ್ಯೂಟರುಗಳನ್ನು ಸರ್ವರ್ ಎನ್ನುತ್ತಾರೆ. ಅಂಥ ಸರ್ವರಿನೊಳಗೆ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತದೆ, ಅದರ ಗಿಡ್ಡ ಹೆಸರೂ ಬಿಎಂಸಿಯೇ. ದೊಡ್ಡ ಯಂತ್ರ ಆಫ್ ಆಗಿದ್ದರೂ ಇದು ಎಚ್ಚರವಿದ್ದು ಬಿಸಿ ಎಷ್ಟು, ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿ ದೂರದಲ್ಲಿರುವವರಿಗೆ ತಿಳಿಸುತ್ತದೆ, ಅಲ್ಲಿಂದಲೇ ಯಂತ್ರವನ್ನು ಮತ್ತೆ ಚಾಲೂ ಮಾಡಲೂ ಬರುತ್ತದೆ. 1998ರಲ್ಲಿ ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಕಂಪನಿಗಳು ಸೇರಿ ಇದಕ್ಕೆ ಐಪಿಎಂಐ ಎಂಬ ಒಂದೇ ಪದ್ಧತಿಯನ್ನು ತಂದವು. ಕಾಯುವ ಸಾಧನ ಕಾಯಿಸಿಕೊಳ್ಳುವ ಯಂತ್ರವನ್ನು ನಂಬಿ ಇರಬಾರದು ಎಂಬುದೇ ಅದರ ತಿರುಳು. ನಮ್ಮ ಹಾಲಿನ ಬಿಎಂಸಿಗೂ ಬೇಕಾದದ್ದು ಅದೇ.

ಹಾಗಾಗಿ ಬ್ಯಾಟರಿ ಇಡೀ ರಾತ್ರಿ ಬರುವಂತಿರಲಿ. ಘಟ್ಟದ ಬುಡದ ಊರುಗಳಲ್ಲಿ ಇಂಟರ್ನೆಟ್ ಸಿಗದ ಕಡೆಯೂ ಎಸ್‌ಎಂಎಸ್ ಹೋಗುವುದುಂಟು, ಆದ್ದರಿಂದ ವಾಟ್ಸ್‌ಆ್ಯಪ್ ಒಂದನ್ನೇ ನಂಬುವ ಪೆಟ್ಟಿಗೆ ಬೇಡ. ಸಂಘದ ಕಟ್ಟಡದೊಳಗೆ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿ ಬರುತ್ತದೆಂದು ನೋಡಿ ಆ ಸಿಮ್ ಹಾಕಿ. ರಾತ್ರಿಗೆ ಎಸ್‌ಎಂಎಸ್ ಕೂಡ ಸಾಲದು. ಟಿಂಗ್ ಎಂದು ಒಮ್ಮೆ ಸದ್ದಾದರೆ ಮೂರು ಗಂಟೆಗೆ ಎದ್ದು ಹಟ್ಟಿ ಕೆಲಸ ಮಾಡಿ ದಣಿದವರಿಗೆ ಎಚ್ಚರವಾಗುವುದಿಲ್ಲ. ಫೋನ್ ಕರೆ ಮಾಡುವ ಪೆಟ್ಟಿಗೆಯೇ ಒಳ್ಳೆಯದು.

ಇನ್ನು, ಕರೆ ಯಾರಿಗೆ ಬರಬೇಕು? ಮಹಿಳಾ ಸಂಘಗಳವರು ಇದನ್ನು ಕುಳಿತು ಮಾತಾಡಲೇಬೇಕು. ದಾಖಲೆಯಲ್ಲಿ ಅಧ್ಯಕ್ಷೆಯ ಹೆಸರು ಇರುತ್ತದೆ, ನಂಬರ್ ಮಾತ್ರ ಗಂಡನದ್ದೋ ಮಗನದ್ದೋ ಆಗಿರುತ್ತದೆ. ಮಗ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದರೆ ಆ ಸಂದೇಶದಿಂದ ಹಾಲಿಗೆ ಏನು ಪ್ರಯೋಜನ? ಸಂಘದ ಹತ್ತಿರ ಮನೆ ಇರುವ, ಜನರೇಟರ್ ಚಾಲೂ ಮಾಡಲು ಗೊತ್ತಿರುವ, ಬೀಗದ ಕೈ ಇರುವ ವ್ಯಕ್ತಿಗೆ ಮೊದಲ ಕರೆ. ಅವರು ಹತ್ತು ನಿಮಿಷದೊಳಗೆ ಎತ್ತದಿದ್ದರೆ ಎರಡನೆಯವರಿಗೆ, ಆಮೇಲೆ ಕಾರ್ಯದರ್ಶಿಗೆ, ಕೊನೆಗೆ ಒಕ್ಕೂಟದ ತಾಂತ್ರಿಕ ಸಿಬ್ಬಂದಿಗೆ. ಎಲ್ಲರಿಗೂ ಒಟ್ಟಿಗೆ ಕಳಿಸಿದರೆ "ಅವರು ನೋಡಿಕೊಂಡಾರು" ಎಂದು ಒಬ್ಬರೂ ಹೋಗದೇ ಇರುವುದುಂಟು.

ರಾತ್ರಿ ಹನ್ನೆರಡಕ್ಕೆ, ಮಳೆಯಲ್ಲಿ, ಒಬ್ಬಳೇ ಹೆಣ್ಣುಮಗಳು ಸಂಘಕ್ಕೆ ಹೋಗಬೇಕು ಎಂಬ ಏರ್ಪಾಡು ಬೇಡ. ಇಬ್ಬರ ಜೋಡಿ ಮಾಡಿ. ಸಾಧ್ಯವಿದ್ದರೆ ಕರೆಂಟ್ ಹೋದ ಕೂಡಲೇ ತಾನಾಗಿ ಜನರೇಟರ್ ಚಾಲೂ ಮಾಡುವ ಎಎಂಎಫ್ ಪ್ಯಾನೆಲ್ ಹಾಕಿಸಿಕೊಳ್ಳುವುದು ಉತ್ತಮ. ಆಗ ಕರೆಂಟ್ ಹೋದ ಸಂದೇಶಕ್ಕೆ ಯಾರೂ ಓಡಬೇಕಾಗಿಲ್ಲ, "ಜನರೇಟರ್ ಚಾಲೂ ಆಗಲಿಲ್ಲ" ಎಂದು ಬಂದರೆ ಮಾತ್ರ ಹೋದರೆ ಸಾಕು. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ಎಂದು ಸಂಜೆಯೇ ನೋಡಿಟ್ಟಿರಬೇಕು ಎಂಬುದು ಬೇರೆ ಮಾತು.

ದೂರದಿಂದ ಮೊಬೈಲಿನಲ್ಲೇ ಯಂತ್ರ ಚಾಲೂ ಮಾಡುವ ಸೌಲಭ್ಯ ಕೆಲವು ಪೆಟ್ಟಿಗೆಗಳಲ್ಲಿದೆ. ಇದರಲ್ಲಿ ನನಗೆ ಸ್ವಲ್ಪ ಅಂಜಿಕೆಯೇ. ಟ್ಯಾಂಕರಿಗೆ ಹಾಲು ಕೊಟ್ಟ ಮೇಲೆ ಒಬ್ಬರು ಟ್ಯಾಂಕಿನೊಳಗೆ ಕೈ ಹಾಕಿ ತೊಳೆಯುತ್ತಿರುತ್ತಾರೆ. ಆ ಹೊತ್ತಿಗೆ ಬೇರೆ ಯಾರೋ ಮನೆಯಲ್ಲಿ ಕುಳಿತು ಗುಂಡಿ ಒತ್ತಿ, ಹಾಲು ಕಲಕುವ ಅಜಿಟೇಟರ್ ತಿರುಗಿದರೆ? ಪ್ಯಾನೆಲಿನಲ್ಲಿ "ಇಲ್ಲಿಂದ ಮಾತ್ರ" ಮತ್ತು "ದೂರದಿಂದ" ಎಂಬ ಎರಡು ಸ್ಥಾನದ ಸ್ವಿಚ್ ಇರಬೇಕು, ತೊಳೆಯುವ ಮೊದಲು ಅದನ್ನು ತಿರುಗಿಸಿ ಮುಖ್ಯ ಸ್ವಿಚ್ಚನ್ನೂ ಆಫ್ ಮಾಡಬೇಕು. ಪಾಸ್‌ವರ್ಡ್ ಕೂಡ ಹಾಗೆಯೇ. ಕಂಪನಿಯಿಂದ ಬಂದ 1234ನ್ನು ಅದೇ ದಿನ ಬದಲಾಯಿಸಿ, ಇಬ್ಬರಿಗೆ ಮಾತ್ರ ತಿಳಿದಿರಲಿ. ಸರ್ವರಿನ ಬಿಎಂಸಿಗಳಲ್ಲೂ ಹೀಗೆ ಹಳೆಯ ಪಾಸ್‌ವರ್ಡ್ ಬಿಟ್ಟರೆ ಹೊರಗಿನವರು ನುಗ್ಗುವ ಅಪಾಯವಿದೆ ಎಂದು 2013ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೇ ಎಚ್ಚರಿಸಿತ್ತು.

ಯಾವಾಗ ಕೂಗಬೇಕು ಎಂಬುದನ್ನೂ ನಾವೇ ತೀರ್ಮಾನಿಸಬೇಕು. 5 ಡಿಗ್ರಿ ದಾಟಿದ ಕೂಡಲೇ ಕರೆ ಎಂದು ಹಾಕಿದರೆ ಪ್ರತಿ ಬೆಳಿಗ್ಗೆ ಹೊಸ ಹಾಲು ಸುರಿಯುವಾಗ ಫೋನ್ ಬಡಿಯುತ್ತದೆ, ಏಕೆಂದರೆ ಆಗ ಉಷ್ಣಾಂಶ ಏರುವುದು ಸಹಜ. ಐದು ನಿಮಿಷ ಕರೆಂಟ್ ಹೋಗಿ ಬಂದದ್ದಕ್ಕೂ ಕರೆ ಬಂದರೆ, ವಾರದಲ್ಲಿ ಅದು ಹುಲಿ ಬಂತು ಹುಲಿ ಕತೆಯಾಗಿ ಜನ ಫೋನ್ ಸೈಲೆಂಟ್ ಮಾಡುತ್ತಾರೆ. ಸಂಗ್ರಹಣೆ ಮುಗಿದು ಮೂರು ಗಂಟೆಯಾದರೂ 4 ಡಿಗ್ರಿಗೆ ಇಳಿಯದಿದ್ದರೆ, ಇಳಿದದ್ದು ಮತ್ತೆ 6 ಡಿಗ್ರಿಗೆ ಏರಿದರೆ, ಹದಿನೈದು ನಿಮಿಷವಾದರೂ ಕರೆಂಟ್ ಬಾರದಿದ್ದರೆ, ಮೂರರಲ್ಲಿ ಒಂದು ಫೇಸ್ ಹೋದರೆ, ಇಷ್ಟಕ್ಕೆ ಕರೆ ಸಾಕು ಎಂದು ನನ್ನ ಅಭಿಪ್ರಾಯ. ನಿಮ್ಮ ಟ್ಯಾಂಕಿನ ವರ್ತನೆ ಎರಡು ವಾರ ನೋಡಿ ಸರಿಹೊಂದಿಸಿಕೊಳ್ಳಿ. ಫೇಸ್ ಹೋದದ್ದನ್ನು ಅಲಕ್ಷ್ಯ ಮಾಡಬೇಡಿ, ಆ ಸ್ಥಿತಿಯಲ್ಲಿ ಓಡಿದರೆ ಕಂಪ್ರೆಸರಿನ ಮೋಟಾರ್ ಸುಡುತ್ತದೆ.

ಪೆಟ್ಟಿಗೆ ಎಲ್ಲ ಉಷ್ಣಾಂಶವನ್ನೂ ಗಂಟೆ ಸಹಿತ ಬರೆದಿಡುತ್ತದೆ. ಸಾಮಾನ್ಯ ಸದಸ್ಯೆಗೆ ಹೆಚ್ಚು ಉಪಯೋಗ ಇದರಿಂದಲೇ. ಟ್ಯಾಂಕ್ ಕೆಟ್ಟ ದಿನ ಬೆರಳು ಮೊದಲು ತೋರುವುದು ಯಾರ ಕಡೆಗೆ? ಎರಡು ಲೀಟರ್ ತರುವ, ಮಾತಾಡಲು ಬಾರದ ಬಡವಳ ಕಡೆಗೆ. ರಾತ್ರಿ 1 ಗಂಟೆಯಿಂದ 4 ಗಂಟೆಯವರೆಗೆ ಕಂಪ್ರೆಸರ್ ನಿಂತಿತ್ತು ಎಂದು ದಾಖಲೆ ಇದ್ದರೆ ಆ ಮಾತಿಗೆ ಅಲ್ಲಿಗೇ ತೆರೆ. ದಾಖಲೆ ಸರಿ ಇದ್ದು ಹಾಲು ಕೆಟ್ಟಿದ್ದರೆ ಹಟ್ಟಿಯ ಶುಚಿ, ಕ್ಯಾನು, ತಡವಾಗಿ ತಂದ ಹಾಲು ಎಂದು ಬೇರೆ ಕಡೆ ಹುಡುಕಬಹುದು. ಮಹಾಸಭೆಯಲ್ಲಿ ಈ ದಾಖಲೆ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಸಂದೇಶ ಬಾರದಿದ್ದರೆ ಎಲ್ಲ ಸರಿ ಇದೆ ಎಂದು ತಿಳಿಯುವುದು ತಪ್ಪು. ಸಿಮ್‌ನ ರೀಚಾರ್ಜ್ ಮುಗಿದಿರಬಹುದು, ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟಿರಬಹುದು. ಅದಕ್ಕೇ ದಿನಕ್ಕೆರಡು ಸಲ, ಬೆಳಿಗ್ಗೆ 5ಕ್ಕೂ ರಾತ್ರಿ 9ಕ್ಕೂ, "ಹಾಲು 4 ಡಿಗ್ರಿ, ಕರೆಂಟ್ ಇದೆ" ಎಂಬ ಸಾದಾ ಸಂದೇಶ ಬರುವಂತೆ ಹಾಕಿಸಿ. ರಾತ್ರಿ 9ರದ್ದು ಬರಲಿಲ್ಲವಾದರೆ ಅದನ್ನೇ ಎಚ್ಚರಿಕೆಯೆಂದು ತಿಳಿದು ಹೋಗಿ ನೋಡಬೇಕು. ರೀಚಾರ್ಜ್ ಇಡೀ ವರ್ಷಕ್ಕೆ ಒಮ್ಮೆಲೇ ಮಾಡಿಸಿ ಮುಗಿಯುವ ದಿನವನ್ನು ಸಂಘದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಳೆಗಾಲಕ್ಕೆ ಮುಂಚೆ ನೋಡಿಸಿ.

ತಿಂಗಳಿಗೊಮ್ಮೆ, ಟ್ಯಾಂಕ್ ಖಾಲಿ ಇರುವಾಗ, ಮುಖ್ಯ ಸ್ವಿಚ್ ಆಫ್ ಮಾಡಿ ಗಡಿಯಾರ ನೋಡುತ್ತಾ ನಿಲ್ಲಿ. ಹದಿನೈದು ನಿಮಿಷಕ್ಕೆ ಮೊದಲನೆಯವರ ಫೋನ್ ಬಡಿಯಬೇಕು. ಅವರು ಬೇಕೆಂದೇ ಎತ್ತದಿರಲಿ, ಹತ್ತು ನಿಮಿಷದ ಮೇಲೆ ಎರಡನೆಯವರದ್ದು ಬಡಿಯುತ್ತದೆಯೇ ನೋಡಿ. ಉಷ್ಣಾಂಶದ ಸೆನ್ಸರ್ ಹೊರಗೆ ತೆಗೆಯಲು ಬರುವುದಾದರೆ, ನೀರಿನೊಂದಿಗೆ ಕರಗುತ್ತಿರುವ ಐಸ್ ಪುಡಿಯಲ್ಲಿ ಸ್ವಲ್ಪ ಹೊತ್ತು ಇಡಿ, 0 ಡಿಗ್ರಿ ತೋರಿಸಬೇಕು. 2 ಎಂದು ತೋರಿಸಿದರೆ, ಅದು 4 ಎನ್ನುವಾಗ ನಿಜವಾಗಿ ಹಾಲು 2 ಡಿಗ್ರಿಯಲ್ಲಿದ್ದು ಕರೆಂಟ್ ಸುಮ್ಮನೆ ಖರ್ಚಾಗುತ್ತಿದೆ. ಸೊನ್ನೆಗಿಂತ ಕೆಳಗೆ ತೋರಿಸಿದರೆ ಹಾಲು ಅದು ಹೇಳುವುದಕ್ಕಿಂತ ಬೆಚ್ಚಗಿದೆ. ಆಗ ಅದೇ ದಿನ ಒಕ್ಕೂಟದ ತಾಂತ್ರಿಕ ಸಿಬ್ಬಂದಿಗೆ ತಿಳಿಸಿ.