ಜಾಯಿಕಾಯಿಯ ದ್ವೀಪಗಳು

ನಮ್ಮ ಗೃಹಿಣಿಯರ ಸಾಂಬಾರದ ಡಬ್ಬಿಯಲ್ಲಿ ಜಾಯಿಕಾಯಿಗೆ ಒಂದು ಮೂಲೆ ಇದ್ದೇ ಇರುವುದು. ಹೋಳಿಗೆಯ ಹೂರಣಕ್ಕೆ ಅದನ್ನು ಒಂದಿಷ್ಟು ತುರಿದು ಹಾಕುವರು. ಹಸುಳೆಗೆ ನಿದ್ರೆ ಬಾರದಿದ್ದರೆ ಹಿಂದಿನ ಕಾಲದ ಅಜ್ಜಿಯರು ಸಾಣೆಕಲ್ಲಿನ ಮೇಲೆ ಅದನ್ನು ಎರಡು ಸುತ್ತು ತೇಯ್ದು ಕೊಡುತ್ತಿದ್ದರು. ತಾಂಬೂಲಪ್ರಿಯರಾದ ಹಿರಿಯರ ಸಂಚಿಯಲ್ಲಿ ಲವಂಗ ಏಲಕ್ಕಿಗಳೊಡನೆ ಜಾಪತ್ರೆಯ ಎಸಳೂ ಇರುತ್ತಿತ್ತು. ಅಮರಸಿಂಹನು ಇದಕ್ಕೆ ಜಾತೀಕೋಶವೆಂದೂ ಜಾತೀಫಲವೆಂದೂ ಎರಡು ಹೆಸರುಗಳನ್ನು ಕೊಟ್ಟಿರುವನು. ಬಾಯಿಯ ಶುದ್ಧಿಗೂ ಸುಗಂಧಕ್ಕೂ ಬಾಯಲ್ಲಿಟ್ಟುಕೊಳ್ಳತಕ್ಕ ದ್ರವ್ಯಗಳ ಸಾಲಿನಲ್ಲಿ ಚರಕಸಂಹಿತೆಯು ಇದನ್ನು ಎಣಿಸುತ್ತದೆ. ಇಷ್ಟು ಪುರಾತನ ಪರಿಚಯವಿದ್ದರೂ ಈ ಕಾಯಿ ಹುಟ್ಟಿದ ನಾಡು ಯಾವುದು, ಅಲ್ಲಿದ್ದ ಜನರ ಗತಿ ಏನಾಯಿತು ಎಂಬುದನ್ನು ನಮ್ಮಲ್ಲಿ ಕೇಳಿದವರು ವಿರಳ. ಆ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಇಂದಿನ ಇಂಡೊನೇಷ್ಯಾ ದೇಶದ ಪೂರ್ವಭಾಗದಲ್ಲಿ, ಸೆರಾಮ್ ಎಂಬ ದೊಡ್ಡ ದ್ವೀಪದ ದಕ್ಷಿಣಕ್ಕೆ, ಆಳವಾದ ಸಮುದ್ರದ ನಡುವೆ ಬಾಂಡಾ ಎಂಬ ಚಿಕ್ಕ ದ್ವೀಪಗಳ ಗುಂಪೊಂದುಂಟು. ಅವುಗಳಲ್ಲಿ ಹಿರಿದು ಲೊಂತೋರ್. ಅದರ ಎದುರಿಗೆ ನೇಯ್ರಾ. ನೇಯ್ರಾದ ಮಗ್ಗುಲಲ್ಲಿ ಗುನುಂಗ್ ಆಪಿ, ಅಂದರೆ ಬೆಂಕಿಯ ಬೆಟ್ಟ. ಇದು ಹೆಸರಿಗೆ ತಕ್ಕ ಜ್ವಾಲಾಮುಖಿಯೇ ಆಗಿದ್ದು ೧೯೮೮ರಲ್ಲಿಯೂ ಒಮ್ಮೆ ಉಕ್ಕಿತು. ಸ್ವಲ್ಪ ದೂರದಲ್ಲಿ ಆಯ್, ರುನ್ ಎಂಬವು. ಎಲ್ಲವನ್ನೂ ಕೂಡಿಸಿದರೂ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು ನೆಲವಾಗದು. ನಾವು ಪಾಠಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ಗೋಡೆಯ ಭೂಪಟದಲ್ಲಿ ಇವುಗಳನ್ನು ಹುಡುಗರಿಗೆ ತೋರಿಸಲು ಕೋಲು ಸಾಲದೆ ಸೂಜಿಯನ್ನು ಹಿಡಿಯಬೇಕಾಗುತ್ತಿತ್ತು. ಹದಿನೆಂಟನೆಯ ಶತಮಾನದವರೆಗೂ ಲೋಕಕ್ಕೆಲ್ಲ ಬೇಕಾದ ಜಾಯಿಕಾಯಿಯೂ ಜಾಪತ್ರೆಯೂ ಬಹುಮಟ್ಟಿಗೆ ಈ ಸೂಜಿಮೊನೆಯಷ್ಟು ನೆಲದಿಂದಲೇ ಬರುತ್ತಿದ್ದುವು.

ಆ ಮರದ ಫಲವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಹಣ್ಣು ಮಾಗಿದಾಗ ಹಳದಿ ತಿರುಳು ತಾನೇ ಎರಡಾಗಿ ಬಿರಿಯುವುದು. ಒಳಗೆ ಕೆಂಪು ಬಲೆಯಂತೆ ಹೆಣೆದುಕೊಂಡಿರುವುದೇ ಜಾಪತ್ರೆ. ಅದನ್ನು ಬಿಡಿಸಿ ಒಳಗಿನ ಚಿಪ್ಪನ್ನು ಒಡೆದರೆ ಸಿಕ್ಕುವುದು ಜಾಯಿಕಾಯಿ. ಬಾಂಡಾದಲ್ಲಿ ಈ ಮರಗಳು ಕೆನಾರಿ ಎಂಬ ಎತ್ತರವಾದ ವೃಕ್ಷಗಳ ನೆರಳಿನಲ್ಲಿ ಬೆಳೆಯುವುವು. ದೊಡ್ಡ ಜಾತಿಯ ಪಾರಿವಾಳಗಳು ಕೆಂಪು ಜಾಪತ್ರೆಗಾಗಿ ಬೀಜವನ್ನು ಇಡಿಯಾಗಿ ನುಂಗಿ ದೂರದೂರಕ್ಕೆ ಒಯ್ದು ಉದುರಿಸುವುವು. ಈ ಪಾರಿವಾಳದ ಮಾತು ಮುಂದೆ ಬರುವುದರಿಂದ ವಾಚಕರು ನೆನಪಿನಲ್ಲಿಟ್ಟಿರಲಿ.

ಬಾಂಡಾದ ಜನರಿಗೆ ಅರಸನಿರಲಿಲ್ಲ. ಊರೂರಿನ ಹಿರಿಯರು ಕೂಡಿ ವ್ಯವಹಾರ ನಡೆಸುತ್ತಿದ್ದರು. ಅವರನ್ನು ‘ಒರಾಂಗ್ ಕಾಯಾ’, ಎಂದರೆ ಧನವಂತರು, ಎಂದು ಕರೆಯುತ್ತಿದ್ದರು. ಜನರು ಇಸ್ಲಾಂ ಮತವನ್ನು ಅವಲಂಬಿಸಿದ್ದರು. ತಮ್ಮ ಹಡಗುಗಳಲ್ಲಿ ತಾವೇ ಮಲಾಕ್ಕಾದವರೆಗೂ ಹೋಗಿ ವ್ಯಾಪಾರ ಮಾಡುವ ಸಾಮರ್ಥ್ಯ ಅವರಿಗಿತ್ತು. ಆದರೆ ಅವರ ನೆಲದಲ್ಲಿ ಅಕ್ಕಿ ಬೆಳೆಯುತ್ತಿರಲಿಲ್ಲ. ಜಾವಾದವರು ಅಕ್ಕಿಯನ್ನೂ, ನೆರೆಯ ದ್ವೀಪದವರು ಸಾಗೋ ತಾಳೆಯ ಹಿಟ್ಟನ್ನೂ, ನಮ್ಮ ಗುಜರಾತು ಮತ್ತು ಚೋಳಮಂಡಲದ ಕರೆಗಳಲ್ಲಿ ನೇಯ್ದ ಬಟ್ಟೆಗಳನ್ನು ಬೇರೆ ವರ್ತಕರೂ ತಂದು ಕೊಡುತ್ತಿದ್ದರು. ಅದಕ್ಕೆ ಬದಲಾಗಿ ಜಾಯಿಕಾಯಿಯನ್ನು ಒಯ್ಯುತ್ತಿದ್ದರು. ಹತ್ತು ಕಡೆಯವರೊಡನೆ ಕೊಟ್ಟುಕೊಂಡು ಇರುವುದು ಅವರಿಗೆ ಲಾಭದ ಮಾತು ಮಾತ್ರವಾಗಿರಲಿಲ್ಲ, ಅನ್ನದ ಮಾತೂ ಆಗಿತ್ತು. ಮುಂದಿನ ಅನರ್ಥವೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿತು.

ಪೋರ್ತುಗೀಜರು ೧೫೧೧ರಲ್ಲಿ ಮಲಾಕ್ಕಾವನ್ನು ಹಿಡಿದು ಮರುವರ್ಷವೇ ಬಾಂಡಾಕ್ಕೆ ಬಂದರು. ಆದರೆ ಅಲ್ಲಿ ನೆಲೆಯೂರಲಿಲ್ಲ. ೧೫೯೯ರಲ್ಲಿ ಹಾಲೆಂಡಿನ ಡಚ್ಚರು ಬಂದರು. ೧೬೦೨ರಲ್ಲಿ ಅವರು ಒಂದು ಕರಾರುಪತ್ರವನ್ನು ಬರೆದು ಕೆಲವರು ಹಿರಿಯರಿಂದ ಒಪ್ಪಿಗೆ ಪಡೆದರು. ಜಾಯಿಕಾಯಿಯನ್ನು ಇನ್ನು ಮೇಲೆ ಡಚ್ಚರಿಗಲ್ಲದೆ ಮತ್ತಾರಿಗೂ ಮಾರಕೂಡದೆಂಬುದು ಅದರ ಸಾರ. ಆ ಹಿರಿಯರು ಇಡೀ ದ್ವೀಪಗಳ ಪರವಾಗಿ ಮಾತು ಕೊಡಲು ಅಧಿಕಾರವುಳ್ಳವರಲ್ಲ. ಅಂಥ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ಇತ್ತ ಡಚ್ಚರ ಹಡಗುಗಳು ತಂದ ಸರಕಾದರೂ ಏನು? ಉಣ್ಣೆಯ ದಪ್ಪ ಬಟ್ಟೆ, ಮಖಮಲ್ಲು! ಸುಡುಬಿಸಿಲಿನ ನಾಡಿನಲ್ಲಿ ಅದನ್ನು ಹೊದೆಯುವವರು ಯಾರು? ಅಕ್ಕಿಯ ಹಡಗು ಬಂದಾಗ ಬಾಂಡಾದವರು ಹಿಂದಿನಂತೆ ಅದರವರಿಗೆ ಕಾಯಿಯನ್ನು ಮಾರಿದರು. ಇದನ್ನೇ ಡಚ್ಚರು ವಚನಭಂಗವೆಂದು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಬಲಿಷ್ಠರು ದುರ್ಬಲರನ್ನು ನುಂಗುವುದನ್ನು ನಮ್ಮ ಶಾಸ್ತ್ರಗಳು ಮಾತ್ಸ್ಯನ್ಯಾಯವೆಂದು ಕರೆದಿವೆ; ಆ ಒಂದು ಮಾತನ್ನು ಹೇಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ದೊಡ್ಡ ಮೀನು ಸಣ್ಣ ಮೀನಿನಿಂದ ಮೊದಲು ರುಜು ಪಡೆಯುವುದಿಲ್ಲ. ಕೌಟಿಲ್ಯನು ಷಾಡ್ಗುಣ್ಯದಲ್ಲಿ ಸಂಧಿಯನ್ನು ಮೊದಲು ಹೇಳಿ, ತನಗಿಂತ ಬಲಶಾಲಿಯಾದವನೊಡನೆ ಸಂಧಿ ಮಾಡಿಕೊಳ್ಳುವುದು ಲೇಸೆಂದನು. ಅಲ್ಲಿ ಎರಡು ಪಕ್ಷದಲ್ಲಿಯೂ ಸಂಧಿಯೆಂದರೇನೆಂಬುದನ್ನು ಬಲ್ಲ ಅರಸರಿದ್ದಾರೆ. ಬಾಂಡಾದಲ್ಲಿ ಕಾಗದವನ್ನು ಬರೆದವರೂ, ಅದರ ಅರ್ಥವನ್ನು ನಿರ್ಣಯಿಸಿದವರೂ, ಅದು ಮುರಿಯಿತೆಂದು ತೀರ್ಪು ಕೊಟ್ಟವರೂ, ಆ ತೀರ್ಪನ್ನು ಜಾರಿ ಮಾಡಿದವರೂ ಒಂದೇ ಪಕ್ಷದವರು. ಹೊರಗಿನ ಬಲಿಷ್ಠರು ಬಡ ನಾಡುಗಳೊಳಗೆ ಕಾಲಿಟ್ಟ ಎಷ್ಟೋ ಕಥೆಗಳಲ್ಲಿ ಕತ್ತಿಗಿಂತ ಮೊದಲು ಇಂಥದೊಂದು ಕಾಗದ ಕಾಣಿಸುವುದನ್ನು ನಾವು ಗಮನಿಸಿದ್ದೇವೆ.

ಬಾಂಡಾದವರು ಕೇವಲ ಸಾಧುಗಳಾಗಿದ್ದರೆಂದು ನಾವು ಹೇಳುವುದಿಲ್ಲ. ೧೬೦೯ರಲ್ಲಿ ಫೆರ್‌ಹೂಫನೆಂಬ ಡಚ್ಚ ನೌಕಾಧಿಪತಿಯು ದೊಡ್ಡ ಸೇನೆಯೊಡನೆ ಬಂದು ನೇಯ್ರಾದಲ್ಲಿ ಅವರ ಒಪ್ಪಿಗೆಯಿಲ್ಲದೆ ಕೋಟೆ ಕಟ್ಟತೊಡಗಲು, ಹಿರಿಯರು ಮಾತುಕತೆಗೆಂದು ಅವನನ್ನು ಕರೆಯಿಸಿ ಹೊಂಚುಹಾಕಿ ಅವನನ್ನೂ ಅವನ ಸಂಗಡಿಗರಲ್ಲಿ ಅನೇಕರನ್ನೂ ಕೊಂದರು. ಇದು ಕಪಟವೇ ಸರಿ. ಆದರೂ ಕೋಟೆ ಎದ್ದು ನಿಂತಿತು. ಆ ನೌಕಾಪಡೆಯಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ಕಿರಿಯ ವರ್ತಕನೊಬ್ಬನಿದ್ದನು. ಅವನು ಇದನ್ನು ಮರೆಯಲಿಲ್ಲ.

ನಡುವೆ ಆಂಗ್ಲೇಯರೂ ಬಂದು ಆಯ್ ಮತ್ತು ರುನ್ ದ್ವೀಪಗಳಲ್ಲಿ ಕಾಲೂರಿದರು. ೧೬೧೬ರಲ್ಲಿ ಡಚ್ಚರು ಆಯ್ ದ್ವೀಪವನ್ನು ಗೆದ್ದು ಅಲ್ಲಿ ಕಟ್ಟಿದ ಕೋಟೆಗೆ ‘ಸೇಡು’ ಎಂಬರ್ಥದ ಹೆಸರನ್ನೇ ಇಟ್ಟರು. ರುನ್ ದ್ವೀಪದವರು ಇಂಗ್ಲೆಂಡಿನ ದೊರೆಗೆ ತಮ್ಮನ್ನು ಒಪ್ಪಿಸಿಕೊಂಡರು. ನಥಾನಿಯಲ್ ಕೋರ್ಟೋಪನೆಂಬ ಆಂಗ್ಲೇಯನು ಹಿಡಿಯಷ್ಟು ಜನರೊಡನೆ ಸುಮಾರು ನಾಲ್ಕು ವರ್ಷ ಅಲ್ಲಿ ಮುತ್ತಿಗೆಯನ್ನು ಸಹಿಸಿ ೧೬೨೦ರಲ್ಲಿ ಹತನಾದನು. ಆಂಗ್ಲೇಯ ಗ್ರಂಥಕಾರರು ಅವನ ಶೌರ್ಯವನ್ನು ಬಹುವಾಗಿ ಕೊಂಡಾಡುವರು. ಅವನೊಡನೆ ಹಸಿದಿದ್ದ ರುನ್ ದ್ವೀಪದವರ ಹೆಸರುಗಳನ್ನು ಮಾತ್ರ ಅವರ ಗ್ರಂಥಗಳಲ್ಲಿ ಹುಡುಕಬೇಕು.

ಅಷ್ಟರಲ್ಲಿ ಕೂನನು ಡಚ್ಚ ಕಂಪೆನಿಯ ಗವರ್ನರ್ ಜನರಲ್ ಆಗಿ, ಜಾವಾದ ಜಯಕರ್ತ ಪಟ್ಟಣವನ್ನು ೧೬೧೯ರಲ್ಲಿ ಸುಟ್ಟು ಅದೇ ಜಾಗದಲ್ಲಿ ಬಟಾವಿಯಾವನ್ನು ಕಟ್ಟಿದ್ದನು. ೧೬೨೧ರಲ್ಲಿ ಅವನು ಸುಮಾರು ೧,೬೦೦ ಮಂದಿ ಡಚ್ಚ ಸೈನಿಕರನ್ನೂ ಕೆಲವು ಮಂದಿ ಜಪಾನೀ ಕೂಲಿಭಟರನ್ನೂ ಕೂಡಿಸಿಕೊಂಡು ಬಾಂಡಾಕ್ಕೆ ಬಂದು ಲೊಂತೋರನ್ನು ಹಿಡಿದನು. ಹಿರಿಯರು ಶರಣುಬಂದು, ಆಯುಧಗಳನ್ನು ಒಪ್ಪಿಸುವುದಾಗಿಯೂ ಒತ್ತೆಯಾಳುಗಳನ್ನು ಕೊಡುವುದಾಗಿಯೂ ಒಪ್ಪಿದರು. ಏಪ್ರಿಲ್ ತಿಂಗಳ ಒಂದು ರಾತ್ರಿ ಸೆಲಾಮೋನ್ ಎಂಬ ಊರಿನಲ್ಲಿ ಡಚ್ಚ ಅಧಿಕಾರಿಯು ಬಿಡಾರ ಮಾಡಿಕೊಂಡಿದ್ದ ಕಟ್ಟಡದಲ್ಲಿ ತೂಗುದೀಪವೊಂದು ಕೆಳಗೆ ಬಿದ್ದಿತು. ಇದೇ ದಂಗೆಯ ಸನ್ನೆಯೆಂದು ಅವರು ಭ್ರಮಿಸಿದರು. ಹಿರಿಯರನ್ನು ಹಿಡಿದು ಚಿತ್ರಹಿಂಸೆ ಮಾಡಿ ಸಂಚೊಂದನ್ನು ಅವರ ಬಾಯಿಂದ ಹೊರಡಿಸಿದರು. ಮೇ ೮ರಂದು ನೇಯ್ರಾದ ಕೋಟೆಯ ಬಳಿ, ಬಿದಿರಿನ ತಡಿಕೆಯೊಳಗೆ ೪೪ ಮಂದಿಯನ್ನು ನಿಲ್ಲಿಸಿ ಜಪಾನೀ ಭಟರಿಂದ ಶಿರಚ್ಛೇದ ಮಾಡಿಸಿದರು. ಅವರಲ್ಲೊಬ್ಬನು ಡಚ್ಚ ಭಾಷೆಯಲ್ಲಿಯೇ ನಿಮಗೆ ದಯೆಯಿಲ್ಲವೇ ಎಂದು ಕೇಳಿದನೆಂದೂ, ಮಿಕ್ಕವರು ಮೌನವಾಗಿ ಸತ್ತರೆಂದೂ ಅಲ್ಲಿದ್ದ ಡಚ್ಚ ಸೈನ್ಯಾಧಿಕಾರಿಯೊಬ್ಬನೇ ಬರೆದಿಟ್ಟಿದ್ದಾನೆ. ಅವನಿಗೂ ಆ ನೋಟ ಸಹಿಸಲಿಲ್ಲ.

ಆಮೇಲೆ ಊರುಗಳನ್ನು ಸುಟ್ಟರು. ಜನರು ಬೆಟ್ಟವನ್ನೇರಿದರು, ಅಲ್ಲಿ ಹಸಿವೆಯಿಂದಲೂ ರೋಗದಿಂದಲೂ ಸತ್ತರು, ಕೆಲವರು ಶರಣಾಗಲೊಲ್ಲದೆ ಕಡಿದಾದ ಬಂಡೆಗಳಿಂದ ಹಾರಿಕೊಂಡರು. ಎಂಟುನೂರು ಮಂದಿಯಷ್ಟನ್ನು ಸೆರೆಹಿಡಿದು ಬಟಾವಿಯಾಕ್ಕೆ ಸಾಗಿಸಿದರು. ಯುದ್ಧಕ್ಕೆ ಮೊದಲು ಬಾಂಡಾದಲ್ಲಿ ಸುಮಾರು ೧೫,೦೦೦ ಜನರಿದ್ದರೆಂದು ಇತಿಹಾಸಕಾರರ ಅಂದಾಜು. ೧೬೩೮ರಲ್ಲಿ ಎಣಿಸಿದಾಗ ಆ ದ್ವೀಪಗಳಲ್ಲಿ ಮೂಲನಿವಾಸಿಗಳು ಆರುನೂರು ಮಂದಿಯೂ ಇರಲಿಲ್ಲ. ವರದಿಯನ್ನೋದಿದ ಕಂಪೆನಿಯ ಹದಿನೇಳು ಮಂದಿ ನಿರ್ದೇಶಕರು ಇಷ್ಟು ಕಾಠಿಣ್ಯ ಬೇಡವಾಗಿತ್ತೆಂದು ಕೂನನಿಗೆ ಬರೆದರು. ಮತ್ತು ಅವನಿಗೆ ೩,೦೦೦ ಗಿಲ್ಡರುಗಳ ಬಹುಮಾನವನ್ನೂ ಕೊಟ್ಟರು. ಆಕ್ಷೇಪಣೆಯೂ ಬಹುಮಾನವೂ ಒಂದೇ ಕೈಯಿಂದ ಬಂದುದನ್ನು ವಾಚಕರು ಗಮನಿಸಬೇಕು.

ಜನರು ಹೋದರು, ಮರಗಳು ಉಳಿದುವು. ಮರವಿದ್ದ ಮಾತ್ರಕ್ಕೆ ಕಾಯಿ ತಾನಾಗಿ ಹಡಗನ್ನೇರದಷ್ಟೆ! ಕಂಪೆನಿಯು ಆ ನೆಲವನ್ನು ೬೮ ತುಂಡುಗಳಾಗಿ ವಿಭಾಗಿಸಿ ಡಚ್ಚ ತೋಟಗಾರರಿಗೆ ಹಂಚಿತು. ಕೆಲಸಕ್ಕೆ ಗುಲಾಮರನ್ನು ತರಿಸಿತು. ಜಾವಾ, ಬುಟೋನ್ ಮೊದಲಾದ ದ್ವೀಪಗಳಿಂದ ಮಾತ್ರವಲ್ಲದೆ ನಮ್ಮ ಭಾರತದ ಕರಾವಳಿಗಳಿಂದಲೂ ಹೆಂಗಸರು ಗಂಡಸರು ಅಲ್ಲಿಗೆ ಸಾಗಿಸಲ್ಪಟ್ಟರು. ಹೊಸಬರಿಗೆ ಆ ಕೃಷಿ ತಿಳಿಯದು. ಆದುದರಿಂದ ಅಳಿದುಳಿದ ಬಾಂಡಾದವರನ್ನೇ ಗುಲಾಮರನ್ನಾಗಿ ಇರಿಸಿಕೊಂಡು, ಅವರ ತಾತ ಮುತ್ತಾತಂದಿರ ಮರಗಳ ಅಡಿಯಲ್ಲಿ, ಯಾವ ಕಾಯಿ ಮಾಗಿದೆ, ಜಾಪತ್ರೆಯನ್ನು ಹೇಗೆ ಬಿಡಿಸಬೇಕು, ಹೇಗೆ ಒಣಗಿಸಬೇಕು ಎಂಬುದನ್ನು ಅವರಿಂದ ಕಲಿಸಿದರು. ನಾವು ಆಯುಷ್ಯವೆಲ್ಲ ಪಾಠ ಹೇಳಿದವರು; ಇಂಥ ಗುರುಗಳನ್ನೂ ಇಂಥ ಗುರುದಕ್ಷಿಣೆಯನ್ನೂ ಬೇರೆಲ್ಲಿಯೂ ಕೇಳಿಲ್ಲ. ಡಚ್ಚರ ಆ ವಸಾಹತಿನಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದುದು ೧೮೬೦ರಲ್ಲಿ.

ರುನ್ ದ್ವೀಪದ ವ್ಯಾಜ್ಯ ಅಷ್ಟರಿಂದ ಮುಗಿಯಲಿಲ್ಲ. ೧೬೬೭ರಲ್ಲಿ ಬ್ರೇಡಾ ಎಂಬಲ್ಲಿ ಒಪ್ಪಂದವಾಗಿ, ಆಂಗ್ಲೇಯರು ರುನ್ ಮೇಲಿನ ಹಕ್ಕನ್ನು ಡಚ್ಚರಿಗೆ ಬಿಟ್ಟುಕೊಟ್ಟರು. ತಾವು ಮೂರು ವರ್ಷಗಳ ಹಿಂದೆ ಡಚ್ಚರಿಂದ ಕಸಿದುಕೊಂಡಿದ್ದ ಮ್ಯಾನ್‌ಹಟನ್ ದ್ವೀಪವನ್ನು ಇಟ್ಟುಕೊಂಡರು. ಇಂದು ನ್ಯೂಯಾರ್ಕ್ ನಗರದ ಹೃದಯವೆನಿಸಿರುವುದು ಅದೇ. ಈ ವಿನಿಮಯವನ್ನು ವಿನೋದದ ಸಂಗತಿಯೆಂಬಂತೆ ಅನೇಕರು ಹೇಳುವರು. ಎರಡು ದ್ವೀಪಗಳಲ್ಲಿಯೂ ಮೊದಲೇ ಜನರಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ರಕ್ತವನ್ನು ಚೆಲ್ಲಿ ಗಳಿಸಿದ ಏಕಸ್ವಾಮ್ಯವಾದರೂ ಸ್ಥಿರವಾಯಿತೇ? ಬೀಜವು ಬೇರೆಡೆ ಮೊಳೆಯದಿರಲೆಂದು ಜಾಯಿಕಾಯಿಯನ್ನು ಸುಣ್ಣದಲ್ಲಿ ಅದ್ದಿ ಹೊರಗೆ ಕಳುಹಿಸುತ್ತಿದ್ದರು. ನೆರೆಯ ದ್ವೀಪಗಳಲ್ಲಿದ್ದ ಮರಗಳನ್ನು ಹುಡುಕಿ ಕಡಿಸಿದರು. ಬೆಲೆ ಇಳಿಯುವ ಸೂಚನೆ ಕಂಡರೆ ಉಗ್ರಾಣದಲ್ಲಿದ್ದ ಸರಕನ್ನೇ ಸುಟ್ಟುಹಾಕುತ್ತಿದ್ದರು. ಆದರೆ ಪಾರಿವಾಳಗಳು ಯಾವ ಕರಾರಿಗೂ ರುಜು ಹಾಕಿರಲಿಲ್ಲ. ಮನುಷ್ಯರೂ ಅವುಗಳನ್ನು ಅನುಸರಿಸಿದರು. ೧೭೭೦ರಲ್ಲಿ ಪಿಯೇರ್ ಪೋವ್ರ್ ಎಂಬ ಫ್ರೆಂಚನು ಸಸಿಗಳನ್ನು ಕದ್ದು ತರಿಸಿ ಮಾರಿಷಸ್‌ನಲ್ಲಿ ನೆಡಿಸಿದನು. ೧೭೯೬ರಲ್ಲಿ ಆಂಗ್ಲೇಯರು ಬಾಂಡಾವನ್ನು ಹಿಡಿದಾಗ ಸಸಿಗಳನ್ನು ಪಿನಾಂಗ್ ಮೊದಲಾದ ಕಡೆಗಳಿಗೆ ಒಯ್ದರು. ೧೭೯೯ರಲ್ಲಿ ಡಚ್ಚ ಕಂಪೆನಿಯು ಸಾಲದಲ್ಲಿ ಮುಳುಗಿ ಅಳಿಯಿತು. ಈಗ ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶದ ಬಾವುಟದ ಮೇಲೆಯೇ ಜಾಯಿಕಾಯಿಯ ಚಿತ್ರವಿದೆ. ನಮ್ಮ ಕನ್ನಡ ಜಿಲ್ಲೆಗಳ ಅಡಿಕೆ ತೋಟಗಳ ನಡುವೆಯೂ ಅದು ಬೆಳೆಯುತ್ತದೆ. ಒಂದು ಜನಾಂಗವನ್ನೇ ಅಳಿಸಿ ಕಾಯ್ದ ವಸ್ತುವು ಇನ್ನೂರು ವರ್ಷ ತುಂಬುವುದರೊಳಗೆ ಕೈಜಾರಿತು.

೧೯೩೬ರಲ್ಲಿ ಡಚ್ಚ ಸರಕಾರವು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಹತ್ತಾ ಮತ್ತು ಶರೀರ್ ಎಂಬ ಇಬ್ಬರನ್ನು ಬಾಂಡಾ ನೇಯ್ರಾಕ್ಕೆ ಗಡೀಪಾರು ಮಾಡಿತು. ಅವರು ೧೯೪೨ರವರೆಗೆ ಅಲ್ಲಿದ್ದು ದ್ವೀಪದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮುಂದೆ ಹತ್ತಾ ಅವರು ಇಂಡೊನೇಷ್ಯಾದ ಮೊದಲ ಉಪಾಧ್ಯಕ್ಷರಾದರು, ಶರೀರ್ ಅವರು ಮೊದಲ ಪ್ರಧಾನಮಂತ್ರಿಗಳಾದರು. ಅತ್ತ ಹಾಲೆಂಡಿನ ಹೋರ್ನ್ ಪಟ್ಟಣದಲ್ಲಿ, ಕೂನನ ಹುಟ್ಟೂರಿನಲ್ಲಿ, ೧೮೯೩ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯೊಂದಿದೆ. ೨೦೧೧ರಲ್ಲಿ ಭಾರವೆತ್ತುವ ಯಂತ್ರವೊಂದು ತಗುಲಿ ಅದು ಉರುಳಿತು. ಮತ್ತೆ ನಿಲ್ಲಿಸುವಾಗ, ಊರಿನ ಕೆಲವರ ಒತ್ತಾಯದ ಮೇರೆಗೆ, ಬಾಂಡಾದಲ್ಲಿ ಅವನು ನಡೆಸಿದುದನ್ನೂ ಫಲಕದ ಮೇಲೆ ಬರೆಯಿಸಿದರು.

ಬಾಂಡಾದ ಹಳೆಯ ಭಾಷೆಯನ್ನು ಇಂದು ಬಾಂಡಾದಲ್ಲಿ ಆಡುವವರಿಲ್ಲ. ೧೬೨೧ರ ಆ ದಿನಗಳಲ್ಲಿ ಕೆಲವರು ತಮ್ಮ ದೋಣಿಗಳನ್ನೇರಿ ಪೂರ್ವಕ್ಕೆ ತಪ್ಪಿಸಿಕೊಂಡು ಹೋಗಿ ಕೇಯ್ ದ್ವೀಪವನ್ನು ಸೇರಿದ್ದರು. ಅಲ್ಲಿ ಬಾಂಡಾ ಏಲಿ, ಬಾಂಡಾ ಎಲಾತ್ ಎಂಬ ಎರಡು ಊರುಗಳಿವೆ. ಆ ಊರುಗಳವರು ನಾಲ್ಕುನೂರು ವರ್ಷಗಳಿಂದ ಆ ಭಾಷೆಯನ್ನೇ ಮನೆಯಲ್ಲಿ ಆಡುತ್ತ, ಪೂರ್ವಜರ ಸಮುದ್ರಪ್ರಯಾಣವನ್ನು ಹೇಳುವ ಹಾಡುಗಳನ್ನು ಅದೇ ಭಾಷೆಯಲ್ಲಿ ಹಾಡುತ್ತ ಬಂದಿದ್ದಾರೆ.