ಸ್ಪೀಕರ್ ಅಲ್ಲ, ಬಾಗಿಲು ನೋಡಿ!

ನಮ್ಮ ಚಿಕ್ಕಪ್ಪನ ಮಗನದು ಒಂದು ಪಿಕಪ್ ಗಾಡಿ. ಅದಕ್ಕೀಗ ಹದಿನೇಳು ವರ್ಷ. ಟೊಮೆಟೊ ಸುಗ್ಗಿ ಬಂತೆಂದರೆ ಕೋಲಾರದ ಮಾರುಕಟ್ಟೆಯಲ್ಲಿ ಕ್ರೇಟುಗಳನ್ನು ಹೇರಿಕೊಂಡು ರಾತ್ರೋರಾತ್ರಿ ಚೆನ್ನೈಗೆ ಹೊರಟುಬಿಡುತ್ತಾನೆ. ಜೊತೆಗೆ ಕ್ಲೀನರ್ ಕೂಡ ಇಲ್ಲ. ಒಂದು ಫ್ಲಾಸ್ಕ್ ಚಹಾ, ಒಂದಿಷ್ಟು ಹಾಡು, ಅಷ್ಟೇ.

ಆ ಹಾಡಿನದೇ ಗೋಳು. "ಅಣ್ಣಾ, ದುಡ್ಡು ಸುರಿದು ಹೊಸ ಸ್ಪೀಕರ್ ಹಾಕಿಸ್ದೆ. ಡಬ್ಬದ ಮೇಲೆ ಮುನ್ನೂರು ವ್ಯಾಟ್ ಅಂತ ಬರೆದವ್ರೆ. ಡೊಳ್ಳು ಬಾರಿಸಿದ್ರೆ ಊಟದ ತಟ್ಟೆ ಬಡಿದಂಗೆ ಕೇಳ್ಸುತ್ತೆ" ಎಂದು ಒಂದು ಭಾನುವಾರ ಮನೆಗೆ ಬಂದ. ಬೇಸ್ ಬರಲಿ ಎಂದು ವಾಲ್ಯೂಮ್ ಏರಿಸುತ್ತಲೇ ಹೋಗಿದ್ದ. ಹಾಗೆ ಏರಿಸಿದ ಒಂದು ರಾತ್ರಿ, ಹಿಂದಿನಿಂದ ನುಗ್ಗಿ ಬಂದ ಬಸ್ಸಿನ ಹಾರನ್ ಕಿವಿಗೆ ಬೀಳದೆ ಗಾಡಿಯನ್ನು ಬಲಕ್ಕೆ ಎಳೆದುಬಿಟ್ಟನಂತೆ. ಗೇಣು ಅಂತರದಲ್ಲಿ ಜೀವ ಉಳಿಯಿತು. "ಅವತ್ತಿಂದ ಹಾಡು ಹಾಕಾಕೂ ಭಯ, ಹಾಕ್ದೇ ಇದ್ರೆ ನಿದ್ದೆ ಭಯ" ಎಂದಾಗ ಅವನ ಮುಖ ನೋಡಲಾಗಲಿಲ್ಲ.

ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚು ನನಗೆ ಹಳೆಯದು. ಸ್ಕ್ರೂಡ್ರೈವರ್ ಹಿಡಿದು ಇಬ್ಬರೂ ಗಾಡಿಯ ಬಾಗಿಲ ಮುಂದೆ ಕುಳಿತೆವು.

ಬೇಸ್ ಹೋಗುವುದೆಲ್ಲಿಗೆ?

ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಗೆ ಒಂದೇ ಸ್ಪೀಕರಿನಿಂದ ಎರಡು ದನಿ ಹುಟ್ಟುತ್ತವೆ, ಒಂದಕ್ಕೊಂದು ಪಕ್ಕಾ ವಿರುದ್ಧ. ಎರಡೂ ಕೂಡಿದರೆ ಕೂಡಿಸಿ ಕಳೆದಂತೆ, ಕೊನೆಗೆ ಉಳಿಯುವುದು ಸೊನ್ನೆ.

ಕೀರಲು ದನಿಗೆ ಈ ಕಾಟ ಅಷ್ಟಿಲ್ಲ, ಅದು ನೇರವಾಗಿ ಮುಂದೆ ಸಾಗುತ್ತದೆ. ಗಡಸು ದನಿಯ ಅಲೆ ಮಾತ್ರ ಬಹಳ ಉದ್ದ. ಸೆಕೆಂಡಿಗೆ 50 ಕಂಪನದ ಒಂದು ಅಲೆ ಸುಮಾರು 7 ಮೀಟರ್, ಅಂದರೆ ಗಾಡಿಗಿಂತಲೂ ಉದ್ದ! ಅಂಥ ಅಲೆ ಸಿಕ್ಕ ಸಂದಿಯಲ್ಲೆಲ್ಲ ಬಳಸಿಕೊಂಡು ಬಂದು ಮುಂದಿನ ಅಲೆಯನ್ನು ನುಂಗಿಹಾಕುತ್ತದೆ. ಇಂದಿನ ಮಾದರಿಯ ಸ್ಪೀಕರನ್ನು 1925ರಲ್ಲಿ ಜಗತ್ತಿಗೆ ವಿವರಿಸಿದ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆಗಲೇ ಇದನ್ನು ಕಂಡುಕೊಂಡಿದ್ದರು. ಹಿಂದು ಮುಂದುಗಳ ನಡುವೆ ಒಂದು ಅಡ್ಡಹಲಗೆ ಬೇಕೇ ಬೇಕು. ಮನೆಯ ಸ್ಪೀಕರುಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುವುದು ಅಂದಕ್ಕಷ್ಟೇ ಅಲ್ಲ.

ಗಾಡಿಯಲ್ಲಿ ಬಾಗಿಲೇ ಪೆಟ್ಟಿಗೆ. ನಮ್ಮ ಪಿಕಪ್‌ನ ಬಾಗಿಲ ಒಳರಟ್ಟು ತೆಗೆದು ನೋಡಿದರೆ ಪೆಟ್ಟಿಗೆ ಎಲ್ಲಿ ಬಂತು, ಅದು ಜರಡಿ! ಗಾಜು ಏರಿಳಿಸುವ ಯಂತ್ರಕ್ಕೆಂದು ಬಿಟ್ಟ ದೊಡ್ಡ ಕಿಂಡಿ, ಸುತ್ತ ಹತ್ತಾರು ತೂತು. ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆ ಯಾವತ್ತೋ ಹರಿದುಹೋಗಿತ್ತು. ಸ್ಪೀಕರನ್ನು ತಗಡಿಗಲ್ಲ, ಮಳೆನೀರಿಗೆ ಉಬ್ಬಿದ ರಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಸ್ಪೀಕರಿನ ಜೊತೆ ರಟ್ಟೂ ಕುಣಿಯುತ್ತಿತ್ತು.

ಖರ್ಚಿಲ್ಲದ ಪರೀಕ್ಷೆ

ಮೊದಲು ತಂತಿ ನೋಡಿ. ಎರಡು ಬಾಗಿಲುಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ, ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಹಾಡಿನ ಮಾತು ಕೇಳುತ್ತದೆ, ಬೇಸ್ ಮಾಯ. ಸೆಟ್ಟಿನ ತುದಿಯಲ್ಲಿ ತಂತಿ ಕಳಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಎಂದು ಒಂದು ಕ್ಷಣ ಮುಟ್ಟಿಸಿ. ಎರಡೂ ಕೋನ್‌ಗಳು ಮುಂದಕ್ಕೇ ಹಾರಬೇಕು. ನಮ್ಮಲ್ಲಿ ಎಡಗಡೆಯದು ಹಿಂದಕ್ಕೆ ಹೋಯಿತು! ತಂತಿ ತಿರುಗಿಸಿದ ಕೂಡಲೇ ನಮ್ಮ ಹುಡುಗ "ಅರೆ, ಏನೋ ಬಂತು ಅಣ್ಣಾ" ಎಂದ. ಆ 'ಏನೋ'ಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಬಾಗಿಲು ಪೆಟ್ಟಿಗೆಯಾದ ಬಗೆ

ಮುಂದಿನ ಭಾನುವಾರ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ ಸಾಮಾನು ತಂದೆವು. ನೀವೂ ಮಾಡುವುದಾದರೆ ಈ ಕ್ರಮ ಅನುಸರಿಸಬಹುದು.

ಬಾಗಿಲ ಹೊರತಗಡಿನ ಒಳಮೈಯನ್ನು ಒರೆಸಿ, ತುಕ್ಕಿದ್ದರೆ ಉಜ್ಜಿ ಬಣ್ಣ ಬಳಿದು, ಒಂದು ಬದಿ ಅಲ್ಯೂಮಿನಿಯಂ ಹಾಳೆ ಇರುವ ಬ್ಯೂಟೈಲ್ ರಬ್ಬರಿನ ಅಂಟುಹಾಳೆಯನ್ನು ಒತ್ತಿ ಕೂರಿಸಿ. ಇಡೀ ತಗಡಿಗೆ ಮೆತ್ತಬೇಕಿಲ್ಲ, ಸ್ಪೀಕರಿನ ಬೆನ್ನಿಗೆ ಮತ್ತು ನಡುಭಾಗಕ್ಕೆ ಹಚ್ಚಿದರೆ ಬಹಳಷ್ಟು ಸಾಕು. ಬೆರಳಲ್ಲಿ ಕುಟ್ಟಿ ನೋಡಿ: 'ಟಣ್' ಎನ್ನುತ್ತಿದ್ದುದು 'ಧಬ್' ಎನ್ನಬೇಕು. ಅಗ್ಗವೆಂದು ಚಾವಣಿಗೆ ಹಾಕುವ ಡಾಂಬರಿನ ಹಾಳೆ ತಂದೀರಿ ಜೋಕೆ, ನಮ್ಮ ಬಿಸಿಲಿಗೆ ಅದು ಕರಗಿ ನಾರುತ್ತದೆ.

ಆಮೇಲೆ ಒಳಬದಿಯ ಕಿಂಡಿಗಳು. ದೊಡ್ಡದಕ್ಕೆ ಅಲ್ಯೂಮಿನಿಯಂ ತಗಡು ಕತ್ತರಿಸಿ, ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟು, ಸ್ಕ್ರೂ ಹಾಕಿ. ನಾಳೆ ಗಾಜಿನ ಯಂತ್ರ ಕೆಟ್ಟರೆ ಬಿಚ್ಚಲು ಬರಬೇಕಲ್ಲ! ಸಣ್ಣ ತೂತುಗಳಿಗೆ ಅದೇ ಅಂಟುಹಾಳೆ ಸಾಕು.

ಒಂದನ್ನು ಮಾತ್ರ ಮುಚ್ಚಕೂಡದು. ಬಾಗಿಲ ತೀರಾ ಕೆಳಗಿನ ಅಂಚಿನ ಸಣ್ಣ ರಂಧ್ರಗಳು ನೀರಿನ ದಾರಿ. ಗಾಜಿನ ಪಕ್ಕದಿಂದ ಮಳೆನೀರು ಒಳಗಿಳಿಯುವುದು ಸಹಜ, ಇಲ್ಲಿಂದಲೇ ಅದು ಹೊರಗೆ ಹೋಗಬೇಕು. ಮುಚ್ಚಿದರೆ ಬೇಸ್ ಬಂದೀತು, ಬಾಗಿಲೇ ಕೊಳೆತುಹೋದೀತು.

ಸ್ಪೀಕರಿಗೆ ಗಟ್ಟಿ ಬಳೆ ಬೇಕು. ಅರ್ಧ ಅಂಗುಲದ ವಾಟರ್‌ಪ್ರೂಫ್ ಪ್ಲೈವುಡ್ಡಿನಲ್ಲಿ ಕೊರೆದು ಎರಡು ಸಲ ಬಣ್ಣ ಬಳಿದ ಬಳೆಯನ್ನು ಬೋಲ್ಟಿನಿಂದ ನೇರ ತಗಡಿಗೇ ಬಿಗಿಯಿರಿ. ಬಿಗಿಯುವ ಮೊದಲು ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರಿನ ಆಯಸ್ಕಾಂತಕ್ಕೆ ತಾಗುತ್ತದೆಯೇ ನೋಡಿ. ಕೊನೆಗೆ ಸ್ಪೀಕರಿನ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿ. ಒಳರಟ್ಟು ಕೂತಾಗ ಅದು ಒತ್ತಿಕೊಂಡು, ದನಿ ರಟ್ಟಿನ ಹಿಂದೆ ಸೋರದಂತೆ ತಡೆಯುತ್ತದೆ.

ವ್ಯಾಟಿನ ಮಾಯೆ

ಸೆಟ್ಟಿನ ಮೇಲೆ '50 ವ್ಯಾಟ್ ಗುಣಿಸು 4' ಎಂದು ಬರೆದಿರುತ್ತದಲ್ಲ, 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಇಂಥ ಸೆಟ್ಟು ಒಂದೊಂದು ಸ್ಪೀಕರಿಗೆ ಶುದ್ಧವಾಗಿ ಕೊಡುವುದು 20 ವ್ಯಾಟಿನ ಆಸುಪಾಸು. ಬೇಸ್ ಗುಂಡಿಯನ್ನು 10 ಡೆಸಿಬಲ್ ಏರಿಸಿದರೆ ಆ ದನಿಗೆ ಹತ್ತು ಪಟ್ಟು ಶಕ್ತಿ ಬೇಕು. ಸೆಟ್ಟಿನಲ್ಲಿ ಅದಿಲ್ಲ. ಬರುವುದು ಒಡಕು ದನಿ, ಸುಡುವುದು ಸ್ಪೀಕರಿನ ಕಾಯಿಲ್. ಬಾಗಿಲು ಸರಿಯಾದ ಮೇಲೆ ಗುಂಡಿಯನ್ನು ನಡುವೆ ನಿಲ್ಲಿಸಿ.

ಇನ್ನೊಬ್ಬ ಶತ್ರು ಬಾನೆಟ್ಟಿನ ಕೆಳಗಿದ್ದಾನೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 2400 ಸುತ್ತು ಎಂದರೆ ಸೆಕೆಂಡಿಗೆ 80 ಸಿಡಿತ, ಸರಿಯಾಗಿ ಬೇಸ್ ಇರುವ ಜಾಗದಲ್ಲೇ ಒಂದು ಗುಡುಗು! ಹಾಡಿನ ಡೊಳ್ಳು ಅದರಡಿ ಮುಚ್ಚಿಹೋಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿ, ಕಾಲಡಿಯ ತೂತುಗಳನ್ನು ಮುಚ್ಚಿದ್ದರಿಂದ ಗದ್ದಲ ತಗ್ಗಿತು, ಹಾಡು ತಾನಾಗಿ ಮೇಲೆದ್ದಿತು.

ಇಷ್ಟಾದರೂ ಎದೆ ನಡುಗಿಸುವ ತೀರಾ ಕೆಳಗಿನ ದನಿ ಆರಂಗುಲದ ಸ್ಪೀಕರಿನಿಂದ ಬಾರದು. ಅದು ಬೇಕೆಂದವರು ಸೀಟಿನ ಹಿಂದೆ ಪ್ರತ್ಯೇಕ ಆಂಪ್ಲಿಫೈಯರ್ ಇರುವ ಸಣ್ಣ ಬೇಸ್ ಪೆಟ್ಟಿಗೆ ಇಡಿಸಬಹುದು. ಅದರ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ, ಇಲ್ಲದಿದ್ದರೆ ಬೆಂಕಿಗೆ ಆಹ್ವಾನ.

ಕಿವಿಗೂ ಒಂದು ಮಿತಿ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಬರೀ 4 ಗಂಟೆ. ಚೆನ್ನೈಗೆ ಒಂದು ಸಲ ಹೋಗುವಷ್ಟರಲ್ಲೇ ಆ ವಾರದ ಪಾಲು ಮುಗಿದಂತೆ!

ಎರಡು ಭಾನುವಾರದ ಕೆಲಸ. ಖರ್ಚು, ಹೊಸ ಸ್ಪೀಕರಿಗೆ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ. ಮೊನ್ನೆ ಫೋನು ಮಾಡಿದ್ದ. "ಅಣ್ಣಾ, ವಾಲ್ಯೂಮ್ ಮೊದಲಿನ ಅರ್ಧಕ್ಕೆ ಇಟ್ಟವ್ನಿ. ಡೊಳ್ಳೂ ಕೇಳ್ಸುತ್ತೆ, ಹಿಂದಿನ ಗಾಡಿ ಹಾರನ್ನೂ ಕೇಳ್ಸುತ್ತೆ."

"ನಿದ್ದೆ?" ಎಂದೆ.

"ಅದಕ್ಕೆ ಹಾಡು ಆಗಲ್ಲ ಬಿಡಣ್ಣ. ಪಲಮನೇರು ದಾಟೋ ಮುಂಚೆ ಗಾಡಿ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಮಲಗ್ತೀನಿ. ಟೊಮೆಟೊ ಏನೂ ಓಡೋಗಲ್ಲ."

ಬಾಗಿಲಿಗಿಂತ ಹೆಚ್ಚಾಗಿ ರಿಪೇರಿಯಾದದ್ದು ಇದೇ ಎನಿಸಿತು.