ಆಟಕ್ಕೆ ಮುನ್ನ ಕೇಳಿ

ಯಕ್ಷಗಾನದಲ್ಲಿ ಕಥೆ ಶುರುವಾಗುವುದಕ್ಕೆ ಬಹಳ ಮುಂಚೆ ಚೆಂಡೆ, ಮದ್ದಳೆ, ತಾಳಗಳು ಕೂಡಿ ನುಡಿಯುವ ವಾದನಕ್ಕೆ ‘ಕೇಳಿ’ ಎಂದು ಹೆಸರು. ಇದರಲ್ಲಿ ವೇಷವಿಲ್ಲ, ಅರ್ಥಗಾರಿಕೆಯಿಲ್ಲ. ಇರುವುದು ಬರೀ ನುಡಿತ. ಸಂಸ್ಕೃತದಲ್ಲಿ ಕೇಳಿ ಎಂದರೆ ಆಟ. ಕರಾವಳಿಯವರು ಯಕ್ಷಗಾನವನ್ನು ಕರೆಯುವುದೂ ಆಟವೆಂದೇ. ಕನ್ನಡದ ಕಿವಿಗಂತೂ ಅದು ‘ಬಂದು ಆಲಿಸಿ’ ಎಂಬ ಕರೆಯಾಗಿಯೂ ಒದಗುತ್ತದೆ. ಕೇರಳದ ಕಥಕ್ಕಳಿಯಲ್ಲಿಯೂ ಇದೇ ಹೆಸರಿನ ಮುನ್ವಾದನವಿದೆ.

ಕೇಳಿಯ ಮೊದಲ ಕೆಲಸ ಸುದ್ದಿ ಮುಟ್ಟಿಸುವುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗದ್ದೆ ಬಯಲಿನಲ್ಲಿ ಚೆಂಡೆಗೆ ಕೋಲು ಬಿದ್ದರೆ ಸುತ್ತಲಿನ ಹಳ್ಳಿಗಳಿಗೆ ಈ ರಾತ್ರಿ ಆಟವಿದೆಯೆಂದು ತಿಳಿಯುತ್ತಿತ್ತು. ಎರಡನೆಯದು ವಾದ್ಯಗಳನ್ನು ಹದಗೊಳಿಸುವುದು. ಸಂಜೆಯ ತೇವಕ್ಕೆ ಚರ್ಮ ಸಡಿಲುತ್ತದೆ. ಮದ್ದಳೆಗಾರ ಅಂಚಿಗೆ ಹಗುರವಾಗಿ ಪೆಟ್ಟು ಕೊಟ್ಟು, ನಡುವಿನ ಕಪ್ಪು ಕರಣೆಯ ಮೇಲೆ ಬೆರಳಿಟ್ಟು ನಾದ ನೋಡಿ, ಮತ್ತೆ ಅಂಚಿಗೆ ಪೆಟ್ಟು ಕೊಡುತ್ತಾನೆ. ಹಾಡುವ ಭಾಗವತರ ಶ್ರುತಿಗೆ ಕೂಡುವವರೆಗೆ ಈ ಕೆಲಸ ನಿಲ್ಲದು. ರಾತ್ರಿಯಿಡೀ ದುಡಿಯಬೇಕಾದ ಕೈಗಳು ಪಳಗುವುದೂ ಆಗಲೇ. ಚೌಕಿಪೂಜೆ, ಕೋಡಂಗಿ, ಬಾಲಗೋಪಾಲ, ಒಡ್ಡೋಲಗ ಇವೆಲ್ಲ ಪರಂಪರೆಯ ಆಟದಲ್ಲಿ ಮುಂದೆ ಬರುವ ಹಂತಗಳು.

ಈ ಕ್ರಮದ ಬೇರು ಹಳೆಯದು. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗವನ್ನು, ಎಂದರೆ ನಾಟಕಕ್ಕೆ ಮುನ್ನ ನಡೆಯುವ ವಿಧಿಗಳನ್ನು ವಿವರಿಸುತ್ತದೆ. ಅದರ ಮೊದಲ 9 ಅಂಗಗಳು ನಡೆಯುವುದು ತೆರೆಯ ಹಿಂದೆ. ವಾದ್ಯಗಳನ್ನು ಜೋಡಿಸಿಡುವುದು ‘ಪ್ರತ್ಯಾಹಾರ’, ಗಾಯಕರು ಕೂರುವುದು ‘ಅವತರಣ’, ತಂತಿವಾದ್ಯ ಮತ್ತು ಚರ್ಮವಾದ್ಯಗಳನ್ನು ಒಟ್ಟಿಗೆ ನುಡಿಸುವುದು ‘ಮಾರ್ಗಾಸಾರಿತ’. ಆಸನ ಹಿಡಿಯುವುದಕ್ಕೂ ಒಂದು ಹೆಸರಿಟ್ಟ ಶಾಸ್ತ್ರಕಾರ ಸಿದ್ಧತೆಯನ್ನೂ ಪ್ರಯೋಗದ ಭಾಗವಾಗಿಯೇ ಕಂಡಿದ್ದಾನೆ.

ಪಾಶ್ಚಾತ್ಯ ಗೀತನಾಟಕದಲ್ಲಿ ಇಂಥ ಮುನ್ವಾದನವನ್ನು ‘ಓವರ್ಚರ್’ ಎನ್ನುತ್ತಾರೆ. ‘ತೆರೆಯುವುದು’ ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಆಡಿದ ಮೊಂಟೆವೆರ್ಡಿಯ ‘ಓರ್ಫೆಯೋ’ ಆರಂಭವಾಗುವುದು ಕಹಳೆಗಳು ಮೊಳಗುವ ‘ಟೊಕಾಟ’ದಿಂದ. ತೆರೆ ಏಳುವ ಮುನ್ನ ಅದನ್ನು ಮೂರು ಸಲ ನುಡಿಸಬೇಕೆಂಬ ಸೂಚನೆ ಕೃತಿಯಲ್ಲೇ ಇದೆ. ಅದು ಕೇಳಿಗೆ ತೀರ ಹತ್ತಿರದ ಬಂಧು. ಆದರೆ 18ನೆಯ ಶತಮಾನದಲ್ಲಿ ಗೀತನಾಟಕಕಾರ ಗ್ಲುಕ್, ಮುನ್ವಾದನವು ಮುಂದಿನ ಕಥೆಯ ಸ್ವಭಾವವನ್ನು ಕೇಳುಗರಿಗೆ ತಿಳಿಸಬೇಕೆಂದು ವಾದಿಸಿದ. ಕೇಳಿ ಆ ದಾರಿ ಹಿಡಿಯಲಿಲ್ಲ. ಪ್ರಸಂಗ ಯಾವುದೇ ಇರಲಿ, ಕೇಳಿ ಕಥೆ ಹೇಳುವುದಿಲ್ಲ. ಊರನ್ನು ಆಟಕ್ಕೆ ಅಣಿಮಾಡುತ್ತದೆ. ಇದು ಕೊರತೆಯಲ್ಲ, ಬೇರೆಯದೇ ಉದ್ದೇಶ.

ಎರಡು ಮೂರು ಗಂಟೆಯ ಕಾಲಮಿತಿ ಪ್ರಯೋಗಗಳಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಬೆಂಗಳೂರಿನಲ್ಲಿ ಕಷ್ಟ ಇನ್ನೂ ಹೆಚ್ಚು. ರಾಮಮೂರ್ತಿ ನಗರದಂಥ ಒತ್ತೊತ್ತಾದ ಬಡಾವಣೆಯಲ್ಲಿ ಆಟದ ಸುದ್ದಿ ಮುಟ್ಟಿಸಲು ಚೆಂಡೆಯೇ ಬೇಕೆಂದಿಲ್ಲ. ಹಾಗೆಂದು ಶ್ರುತಿ ಕೂಡಿಸುವ, ಕೈ ಪಳಗಿಸುವ, ಕೇಳುಗನ ಮನಸ್ಸನ್ನು ಬೀದಿಯ ಗದ್ದಲದಿಂದ ಬಿಡಿಸಿ ತರುವ ಕೆಲಸ ಮುಗಿದಿಲ್ಲ. ಮುಚ್ಚಿದ ಸಭಾಂಗಣದಲ್ಲೂ ಅದಕ್ಕೆ ಹತ್ತು ನಿಮಿಷ ಸಾಕು. ಆಟ ಏರ್ಪಡಿಸುವವರು ಅಷ್ಟು ಹೊತ್ತನ್ನು ಉಳಿಸಿಕೊಡಬೇಕು, ನೋಡುವವರು ಆ ಹೊತ್ತಿಗೇ ಬಂದು ಕೂರಬೇಕು.